ನೊರೆ ಬಾರದ ಸೋಪಿನ ಪುಡಿ

ಪರದೇಶಕ್ಕೆ ಹೋಗಿ ಬಂದವರು ಚಾಕೊಲೇಟು ತರುತ್ತಾರೆ, ಸೆಂಟಿನ ಬಾಟಲಿ ತರುತ್ತಾರೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆ ತರುತ್ತಾರೆ. ನಮ್ಮ ಮನೆಯಾಕೆ ತಂದದ್ದು ಬಟ್ಟೆ ಒಗೆಯುವ ಪುಡಿ.

ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗ ಜರ್ಮನಿಯ ಮ್ಯೂನಿಕ್ ನಗರದಲ್ಲಿದ್ದಾರೆ. ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ ಎರಡು ತಿಂಗಳು ಅಲ್ಲಿದ್ದು ಬಂದೆವು. ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸ್ ತೂಗುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಪೆಟ್ಟಿಗೆಗೆ 23 ಕಿಲೋ ಲೆಕ್ಕ. ಅವಳ ಪೆಟ್ಟಿಗೆ 24 ದಾಟಿತ್ತು. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಪೈಸೆ ಪೈಸೆ ತಾಳೆ ಹಾಕಿದವನಿಗೆ ಒಂದು ಕಿಲೋ ವ್ಯತ್ಯಾಸ ಬಂದರೆ ನಿದ್ದೆ ಬರುತ್ತದೆಯೇ? ಬಿಚ್ಚಿ ನೋಡಿದೆ. ಸೀರೆಗಳ ನಡುವೆ ಕೂಸನ್ನು ಮಲಗಿಸಿದ ಹಾಗೆ ಒಂದು ರಟ್ಟಿನ ಡಬ್ಬ.

"ಇದೇನೇ?"

"ಸೋಪಿನ ಪುಡಿ ರೀ."

"ತುಮಕೂರಿನಲ್ಲಿ ಸೋಪಿನ ಪುಡಿ ಸಿಗಲ್ವಾ?"

"ಸಿಗತ್ತೆ. ಇದು ಸಿಗಲ್ಲ."

ಮಾತು ಅಲ್ಲಿಗೆ ಮುಗಿಯಿತು. ನನ್ನ ಎರಡು ಪುಸ್ತಕ ಹೊರಗೆ ಬಂದವು, ಡಬ್ಬ ಒಳಗೇ ಉಳಿಯಿತು. ಯಾಕೆ ಬೇಕು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿಯ ಬಟ್ಟೆ ಬೆಳ್ಳಗಿರುವುದನ್ನು ನೋಡಿ ಆಸೆಪಟ್ಟಿರಬೇಕು ಎಂದುಕೊಂಡೆ.

ಡಬ್ಬದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೊಗಳಿದರೆ ಜಾಹೀರಾತು ಆಗುತ್ತದೆ, ಬೈದರೆ ದೂರು ಆಗುತ್ತದೆ. ತಪ್ಪು ಮಾಡಿದವನು ನಾನು. ಡಬ್ಬದ್ದೇನೂ ತಪ್ಪಿಲ್ಲ.

ಊರಿಗೆ ಬಂದ ಮೂರನೇ ದಿನ, ಅವಳು ಮಗಳ ಮನೆಗೆ ಹೋಗಿದ್ದಾಗ, ಡಬ್ಬವನ್ನು ಬಚ್ಚಲಿಗೆ ತಂದೆ. ಐದು ಯೂರೋ ಚಿಲ್ಲರೆ, ಅಂದರೆ ನಮ್ಮ ಐನೂರು ರೂಪಾಯಿಯ ಹತ್ತಿರದ ಮಾಲು. ಹಾಗೇ ಇಟ್ಟರೆ ಬಡ್ಡಿ ಬರುತ್ತದೆಯೇ? ನಮ್ಮ ಮನೆಗೆ ಬಟ್ಟೆ ಒಗೆಯಲು ಬರುವಾಕೆಗೆ, "ಇವತ್ತು ಫಾರಿನ್ ಪುಡಿ ಹಾಕಮ್ಮ" ಎಂದು ಕೊಟ್ಟೆ. ಆಕೆ ಒಂದು ಹಿಡಿ ಬಕೆಟ್ಟಿಗೆ ಹಾಕಿ ಕೈಯಾಡಿಸಿದಳು. ಇನ್ನೊಂದು ಹಿಡಿ ಹಾಕಿದಳು. ಆಮೇಲೆ ನನ್ನ ಮುಖ ನೋಡಿದಳು.

"ಇದೇನ್ ಸಾರ್, ಬುರುಗೇ ಬರಲ್ವಲ್ಲ! ಯಾರೋ ನಿಮಗೆ ಮೋಸ ಮಾಡವ್ರೆ."

ನಿಜ. ನಮ್ಮೂರಿನ ಹತ್ತು ರೂಪಾಯಿಯ ಪೊಟ್ಟಣ ಹಾಕಿದರೆ ಬಕೆಟ್ಟಿನ ಮೇಲೆ ಬೆಣ್ಣೆಯ ಗುಡ್ಡ ಏಳುತ್ತದೆ. ಇಲ್ಲಿ ಮಜ್ಜಿಗೆಯ ಮೇಲೆ ನಾಲ್ಕು ಗುಳ್ಳೆ ಬಂದ ಹಾಗೆ ಬಂದು ಒಡೆದು ಹೋಗುತ್ತಿತ್ತು. ಪರದೇಶದ ಮರ್ಯಾದೆ ಉಳಿಸಲು ನಾನೇ ಇನ್ನೂ ಎರಡು ಹಿಡಿ ಸುರಿದೆ. ಐದು ದಿನ ಹೀಗೇ ನಡೆಯಿತು. ಬಟ್ಟೆಯೇನೋ ಶುಭ್ರವಾಯಿತು. ಆದರೆ ಎಷ್ಟು ಜಾಲಿಸಿದರೂ ಜಾರು ಹೋಗದು. ಎರಡು ಬಕೆಟ್ ನೀರಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಐದು ಬಕೆಟ್ ಬೇಕಾಯಿತು. ಒಣಗಿದ ಬನಿಯನ್ ಹಾಕಿಕೊಂಡರೆ ಬೆನ್ನು ನವೆ.

ಆರನೇ ದಿನ ಆಕೆ ಬಟ್ಟೆಯನ್ನು ಮುಟ್ಟದೆ ಎರಡೂ ಅಂಗೈ ಮುಂದೆ ಹಿಡಿದಳು. ಬೆರಳ ಸಂದಿಯೆಲ್ಲ ಕೆಂಪಾಗಿತ್ತು, ತುದಿ ಬಿರಿದಿತ್ತು. "ಉರೀತದೆ ಸಾರ್, ಸಾರಿಗೆ ಹುಣಸೆಹುಳಿ ಹಿಂಡಕ್ಕೂ ಆಗಲ್ಲ" ಎಂದಳು. ಐದು ದಿನ ಸುಮ್ಮನಿದ್ದು ಆರನೇ ದಿನ ಹೇಳಿದ್ದಳು. ಮೊದಲೇ ಹೇಳಬಾರದಿತ್ತೇ ಎಂದೆ. "ನೀವು ಅಷ್ಟು ದೂರದಿಂದ ತಂದಿದ್ದೀರಿ ಅಂತ" ಎಂದಳು. ನನಗೆ ಮುಂದೆ ಮಾತು ಹೊರಡಲಿಲ್ಲ.

ಅದೇ ವಾರ ಇನ್ನೊಂದು ಅನಾಹುತವೂ ಆಯಿತು. ನಮ್ಮ ಮದುವೆಯಲ್ಲಿ ಮಾವನವರು ಹೊದಿಸಿದ ರೇಷ್ಮೆ ಶಲ್ಯ ನನ್ನ ಹತ್ತಿರ ಇದೆ. ಹೋದ ಫೆಬ್ರವರಿಯಲ್ಲಿ ಒಂದು ಗೃಹಪ್ರವೇಶದ ಊಟದಲ್ಲಿ ಅದರ ಮೇಲೆ ಪಾಯಸ ಚೆಲ್ಲಿತ್ತು. ಫಾರಿನ್ ಪುಡಿಗೆ ಆಗದ್ದೇನು ಎಂದು ರಾತ್ರಿಯೆಲ್ಲ ಬಿಸಿನೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ತೆಗೆದರೆ ಪಾಯಸದ ಕಲೆ ಹೋಗಿತ್ತು. ಅದರ ಜೊತೆಗೆ ಶಲ್ಯದ ಹೊಳಪೂ ಹೋಗಿತ್ತು. ಕೈಗೆ ಒರಟು, ಕಣ್ಣಿಗೆ ಗೋಣಿತಾಟು. ನಮ್ಮಾಕೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಮಡಿಸಿದಳು, ಬೀರುವಿನಲ್ಲಿ ಇಟ್ಟಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಭಾನುವಾರ ಮಗಳ ಮಗಳು ಬಂದಳು. ಹತ್ತನೇ ತರಗತಿಯ ಹುಡುಗಿ. ನಡೆದದ್ದನ್ನೆಲ್ಲ ಕೇಳಿ, "ತಾತ, ಡಬ್ಬದ ಮೇಲೆ ಏನು ಬರೆದಿದೆ, ಓದಿದ್ರಾ?" ಎಂದಳು.

"ಜರ್ಮನ್ ಭಾಷೆ ಪುಟ್ಟಿ. ನನಗೆಲ್ಲಿ ಬರಬೇಕು?"

"ಚಿತ್ರಾನೂ ಜರ್ಮನ್ನಾ?"

ನಿಜವಾಗಿಯೂ ಚಿತ್ರವಿತ್ತು. ನೂಲಿನ ಉಂಡೆಯ ಮೇಲೆ ಅಡ್ಡಗೆರೆ ಎಳೆದಿತ್ತು. ಅವಳು ಮೊಬೈಲ್ ಕ್ಯಾಮೆರಾ ಹಿಡಿದಳು. ಜರ್ಮನ್ ಅಕ್ಷರಗಳು ಒಂದೊಂದಾಗಿ ಇಂಗ್ಲಿಷ್ ಆದವು. ಉಣ್ಣೆಗೂ ರೇಷ್ಮೆಗೂ ಬಳಸಬೇಡಿ. ಚರ್ಮಕ್ಕೆ, ಕಣ್ಣಿಗೆ ತಾಗಿಸಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಕೌಂಟರಿನ ಹಿಂದೆ ಕುಳಿತು, "ಓದಿ ಆಮೇಲೆ ಸಹಿ ಮಾಡಿ" ಎಂದು ಎಷ್ಟು ಸಾವಿರ ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನಾನು ಮಾತ್ರ ಓದದೆ ಡಬ್ಬ ಒಡೆದಿದ್ದೆ.

ಆ ಮಧ್ಯಾಹ್ನ ತಾತ ಮೊಮ್ಮಗಳು ಕುಳಿತು ಡಬ್ಬವನ್ನು ಪಾಠದ ಹಾಗೆ ಓದಿದೆವು. ಶಾಲೆಯ ಮಕ್ಕಳಿಗೆ ಉಪಯೋಗವಾದೀತು ಎಂದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ರೇಷ್ಮೆಯ ಸಂಗತಿ. ಆ ಪುಡಿಯಲ್ಲಿ ಕಿಣ್ವಗಳಿವೆ. ನಮ್ಮ ಹೊಟ್ಟೆಯಲ್ಲಿ ಅನ್ನ, ಬೇಳೆಯನ್ನು ಜೀರ್ಣ ಮಾಡುವಂಥ ಕಿಣ್ವಗಳೇ. ಹಾಲು, ಮೊಟ್ಟೆ, ರಕ್ತದ ಕಲೆಯಲ್ಲಿ ಪ್ರೋಟೀನ್ ಇರುತ್ತದೆ. ಒಂದು ಕಿಣ್ವ ಅದನ್ನು ಕತ್ತರಿಯ ಹಾಗೆ ತುಂಡು ತುಂಡು ಮಾಡುತ್ತದೆ. ಗಂಜಿಯ ಕಲೆಗೆ ಇನ್ನೊಂದು, ಎಣ್ಣೆ ಜಿಡ್ಡಿಗೆ ಮತ್ತೊಂದು. 1913ರಲ್ಲಿ ಓಟ್ಟೊ ರೋಮ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಕಿಣ್ವವನ್ನು ಬಟ್ಟೆ ಒಗೆಯಲು ಬಳಸಬಹುದೆಂದು ಪೇಟೆಂಟ್ ಪಡೆದ. ಈಗ ಕಿಣ್ವಗಳನ್ನು ದೊಡ್ಡ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸಿ ತೆಗೆಯುತ್ತಾರೆ. ಹತ್ತಿ ಬಟ್ಟೆ ಸಸ್ಯದ ನಾರು. ಪ್ರೋಟೀನಿನ ಕತ್ತರಿಯಿಂದ ಅದಕ್ಕೆ ಅಪಾಯವಿಲ್ಲ. ಆದರೆ ರೇಷ್ಮೆ ಹುಳು ನೂಲುವ ಎಳೆ ಪ್ರೋಟೀನು, ಕುರಿಯ ಉಣ್ಣೆಯೂ ಪ್ರೋಟೀನು. ಕತ್ತರಿಗೆ ಪಾಯಸದ ಹಾಲು ಯಾವುದು, ಮಾವನವರ ರೇಷ್ಮೆ ಯಾವುದು ಎಂದು ಹೇಗೆ ಗೊತ್ತಾಗಬೇಕು?

ಬಿಳುಪಿನ ಗುಟ್ಟು ಬೇರೆ. ಬಿಸಿನೀರಿನಲ್ಲಿ ಆಮ್ಲಜನಕ ಬಿಟ್ಟು ಕಲೆಯ ಬಣ್ಣವನ್ನು ಕಳೆಯುವ ಒಂದು ವಸ್ತು ಆ ಪುಡಿಯಲ್ಲಿರುತ್ತದೆ. ಈ ಬಗೆಯ ಪುಡಿಯನ್ನು ಜರ್ಮನಿಯಲ್ಲಿ ಮೊದಲು ಮಾರಾಟಕ್ಕೆ ತಂದದ್ದು 1907ರಲ್ಲಿ. ಅದರಲ್ಲಿದ್ದ ಪರ್ಬೋರೇಟ್, ಸಿಲಿಕೇಟ್ ಎಂಬ ಎರಡು ವಸ್ತುಗಳ ಹೆಸರಿನ ತುಣುಕು ಸೇರಿಸಿ ಪರ್ಸಿಲ್ ಎಂದು ಕರೆದರು. ಅದಕ್ಕೂ ಮೊದಲು ಅಲ್ಲಿಯ ಹೆಂಗಸರು ಒಗೆದ ಬಿಳಿ ಬಟ್ಟೆಯನ್ನು ಹುಲ್ಲಿನ ಮೇಲೆ ಹರಡಿ, ನೀರು ಚಿಮುಕಿಸಿ, ಬಿಸಿಲಿನಿಂದ ಬಿಳುಪು ಮಾಡುತ್ತಿದ್ದರಂತೆ. ಇದನ್ನು ಕೇಳಿ ನಮ್ಮಾಕೆ, "ನಮ್ಮಮ್ಮ ಹೊಳೆ ದಂಡೆ ಗರಿಕೆ ಮೇಲೆ ಹರಡ್ತಾ ಇದ್ದಿದ್ದೂ ಅದಕ್ಕೇ ತಾನೇ?" ಎಂದಳು.

ಇನ್ನು ನೊರೆ. ಅಲ್ಲಿಯ ಮೆಷಿನ್‌ಗಳಿಗೆ ಬಾಗಿಲು ಮುಂದೆ ಇರುತ್ತದೆ. ಒಳಗಿನ ಉರುಳೆ ಬಟ್ಟೆಯನ್ನು ಮೇಲಕ್ಕೆ ಎತ್ತಿ ಕೆಳಕ್ಕೆ ಬೀಳಿಸುತ್ತದೆ. ನಾವು ಕಲ್ಲಿನ ಮೇಲೆ ಒಗೆಯುವ ಕೆಲಸವನ್ನು ಅದು ಹಾಗೆ ಮಾಡುತ್ತದೆ. ನೊರೆ ಹೆಚ್ಚಾದರೆ ಬಟ್ಟೆ ಹಾಸಿಗೆಯ ಮೇಲೆ ಬಿದ್ದ ಹಾಗಾಗಿ ಕೊಳೆ ಬಿಡುವುದಿಲ್ಲ. ಅದಕ್ಕೇ ನೊರೆ ಏಳದಂತೆ ತಡೆಯುವ ವಸ್ತುವನ್ನು ಬೇಕೆಂದೇ ಸೇರಿಸಿರುತ್ತಾರೆ. ನಾನು ಹಿಡಿ ಹಿಡಿ ಸುರಿದು ಎಬ್ಬಿಸಲು ಹೊರಟದ್ದು ಅವರು ಕಷ್ಟಪಟ್ಟು ಅಡಗಿಸಿದ ನೊರೆಯನ್ನು!

ಅಳತೆಯ ಪಟ್ಟಿಯೂ ಇತ್ತು. ನಾಲ್ಕೂವರೆ ಕಿಲೋ ಒಣಬಟ್ಟೆಗೆ ಇಷ್ಟು ಎಂದು ಲೆಕ್ಕ. ನಮ್ಮ ಬಕೆಟ್ಟಿನಲ್ಲಿದ್ದ ಎರಡು ಪಂಚೆ, ಎರಡು ಬನಿಯನ್, ಒಂದು ಸೀರೆಯನ್ನು ಪುಟ್ಟಿ ತಕ್ಕಡಿಗೆ ಹಾಕಿದಳು. ಒಂದೂವರೆ ಕಿಲೋ ಆಗಲಿಲ್ಲ. ಮೂರನೇ ಒಂದು ಪಾಲು ಸಾಕಿತ್ತು. ನಾನು ಒಂದು ಮೆಷಿನ್ನಿಗೆ ಆಗುವುದಕ್ಕಿಂತ ಹೆಚ್ಚು ಹಾಕಿದ್ದೆ. ಅದೂ ಮನುಷ್ಯರು ಕೈ ಅದ್ದುವ ನೀರಿಗೆ. ಮೆಷಿನ್ನಿನ ಉರುಳೆಗೆ ಚರ್ಮವಿಲ್ಲ. ಆಕೆಗೆ ಇದೆ.

ಪಟ್ಟಿಯಲ್ಲಿ ಮೂರು ಸಾಲುಗಳಿದ್ದವು: ಮೆದು ನೀರು, ಮಧ್ಯಮ ನೀರು, ಗಡಸು ನೀರು. ಇಂಥ ನೀರಿಗೆ ಇಷ್ಟು ಪುಡಿ ಎಂದು ಬೇರೆ ಬೇರೆ ಅಳತೆ. ಊರಿನ ನೀರು ಯಾವ ಸಾಲಿನದು ಎಂದು ನೀರು ಸರಬರಾಜು ಮಾಡುವವರು ಜನರಿಗೆ ತಿಳಿಸಬೇಕೆಂದು ಜರ್ಮನಿಯಲ್ಲಿ ಕಾನೂನೇ ಇದೆ. ಮಗನ ಊರಿನದು ಗಡಸು ನೀರು. ಆಲ್ಪ್ಸ್ ಬೆಟ್ಟದ ತಪ್ಪಲಿನ ಸುಣ್ಣಕಲ್ಲಿನ ನಡುವೆ ಇಳಿದು ಬರುತ್ತದೆ. ಅವನ ಮನೆಯ ಕೆಟಲ್ಲಿನ ತಳದಲ್ಲಿ ಕೂರುವ ಬಿಳಿ ಹಕ್ಕಳೆಯನ್ನು ನೋಡಿ, "ನಮ್ಮ ಬೋರ್‌ವೆಲ್ ಇಲ್ಲಿಗೂ ಬಂದಿದೆಯಲ್ಲೋ" ಎಂದು ನಾನೇ ನಕ್ಕಿದ್ದೆ. ಅಲ್ಲಿ ಒಂದು ಲೀಟರಿಗೆ ಸುಮಾರು 250 ಮಿಲಿಗ್ರಾಂ ಗಡಸುತನ ದಾಟಿದರೆ ಗಡಸು ನೀರು ಎನ್ನುತ್ತಾರೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ 200ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಆಗಬಹುದು ಎಂದಿದೆ.

"ತಾತ, ನಮ್ಮ ಪುಸ್ತಕದಲ್ಲಿ ಇದರ ಪ್ರಯೋಗ ಇದೆ, ಮಾಡೋಣ" ಎಂದಳು ಪುಟ್ಟಿ. ಮೂರು ಖಾಲಿ ಬಾಟಲಿ ತಂದೆವು. ಒಂದಕ್ಕೆ ನಮ್ಮ ಬೋರ್‌ವೆಲ್ಲಿನ ಉಪ್ಪು ನೀರು. ಇನ್ನೊಂದಕ್ಕೆ ನಲ್ಲಿಯ ನೀರು, ಅಂದರೆ ಬುಗುಡನಹಳ್ಳಿ ಕೆರೆಯಲ್ಲಿ ತುಂಬಿಸಿಟ್ಟು ನಮಗೆ ಬಿಡುವ ಹೇಮಾವತಿ. ಮೂರನೆಯದಕ್ಕೆ ಹಿಂದಿನ ದಿನ ತಾರಸಿಯಿಂದ ಹಂಡೆಗೆ ಹಿಡಿದ ಮಳೆನೀರು. ಮೈಸೋಪನ್ನು ತುರಿದು ನೀರು ಮಾಡಿ ಮೂರಕ್ಕೂ ಒಂದೊಂದು ಚಮಚ ಹಾಕಿ ಇಪ್ಪತ್ತು ಸಲ ಕುಲುಕಿದೆವು. ಮಕ್ಕಳೇ, ನೀವು ಮಾಡುವುದಾದರೆ ಮೈಸೋಪನ್ನೇ ತೆಗೆದುಕೊಳ್ಳಿ. ಬಟ್ಟೆಯ ಬಾರುಗಳಲ್ಲಿ ಬಹಳಷ್ಟು ನಿಜವಾದ ಸೋಪಲ್ಲ, ಡಿಟರ್ಜೆಂಟು.

ಮಳೆನೀರಿನ ಬಾಟಲಿ ಕತ್ತಿನವರೆಗೆ ನೊರೆ ತುಂಬಿಕೊಂಡಿತು. ಹೇಮಾವತಿಯಲ್ಲಿ ಅದರ ಅರ್ಧದಷ್ಟು ಬಂತು. ಬೋರ್‌ವೆಲ್ ನೀರು ಒಡೆದ ಹಾಲಿನ ಹಾಗೆ ಬಿಳಿ ಗಸಿ ಕಟ್ಟಿತು. ನೊರೆ ಇಲ್ಲವೇ ಇಲ್ಲ. ಇನ್ನೆರಡು ಚಮಚ ಸೋಪುನೀರು ಹಾಕಿ ಕುಲುಕಿದ ಮೇಲೆ ಸ್ವಲ್ಪ ನೊರೆ ಕಂಡಿತು.

ನನಗೆ ಇದು ಬ್ಯಾಂಕಿನ ಲೆಕ್ಕದಂತೆ ಅರ್ಥವಾಯಿತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಳೆಯ ಸಾಲಗಾರರು. ನೀವು ಹಾಕಿದ ಸೋಪು ಮೊದಲು ಆ ಸಾಲಕ್ಕೆ ಜಮಾ ಆಗಿ ಗಸಿಯಾಗುತ್ತದೆ. ಸಾಲ ತೀರಿ ಉಳಿದದ್ದು ಮಾತ್ರ ಕೊಳೆ ತೆಗೆಯುವ ಕೆಲಸಕ್ಕೆ ಸಿಗುತ್ತದೆ, ಆಗ ನೊರೆ ಏಳುತ್ತದೆ. ಹಾಗಾದರೆ ಸೋಪಿನ ಕಾಲದಲ್ಲಿ ನೊರೆ ನೋಡಿ ಒಗೆಯುತ್ತಿದ್ದ ನಮ್ಮ ತಾಯಂದಿರು ದಡ್ಡರಲ್ಲ. ನೊರೆ ಬಂತೆಂದರೆ ಸೋಪು ಸಾಕಾಯಿತು ಎಂದೇ ಅರ್ಥ. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ, ಹೀಗೆ ಒಂದೊಂದಾಗಿ ಡಿಟರ್ಜೆಂಟ್ ಪುಡಿಗಳು ನಮ್ಮ ಬಚ್ಚಲಿಗೆ ಬಂದವು. ಡಿಟರ್ಜೆಂಟಿಗೆ ಗಸಿ ಕಟ್ಟುವ ತೊಂದರೆ ಇಲ್ಲ. ಪುಡಿ ಬದಲಾಯಿತು, ನಮ್ಮ ಕಣ್ಣು ಮಾತ್ರ ಹಳೆಯ ನೊರೆಯನ್ನೇ ಹುಡುಕುತ್ತಾ ಉಳಿಯಿತು. ಬಟ್ಟೆ ಒಗೆಯುವಾಕೆಯ ತಪ್ಪೂ ಅದೇ, ನನ್ನ ತಪ್ಪೂ ಅದೇ.

ನಮ್ಮಾಕೆ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. "ಇದಕ್ಕೆ ಮೂರು ಬಾಟಲಿ ಯಾಕೆ ಬೇಕಿತ್ತು? ಉಪ್ಪು ನೀರಲ್ಲಿ ಬೇಳೆ ಬೇಯಲ್ಲ, ಸಿಹಿ ನೀರಲ್ಲಿ ಬೇಯತ್ತೆ. ಬೇಳೆ ಬೇಯೋ ನೀರಲ್ಲಿ ಬಟ್ಟೆಗೆ ಸೋಪು ಕಮ್ಮಿ ಸಾಕು. ನಮ್ಮತ್ತೆ ಹೇಳಿಕೊಟ್ಟಿದ್ದು" ಎಂದಳು. ನಮ್ಮತ್ತೆ ಅಂದರೆ ನನ್ನ ತಾಯಿ. ನನಗೆ ಹೇಳಿಕೊಟ್ಟಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಆಗ ಪುಟ್ಟಿ ಇನ್ನೊಂದು ಪ್ರಶ್ನೆ ಕೇಳಿದಳು. "ಇಷ್ಟು ನೊರೆ ಚರಂಡಿಗೆ ಹೋದಮೇಲೆ ಎಲ್ಲಿಗೆ ಹೋಗತ್ತೆ ತಾತ?" ಅವಳ ಚಿಕ್ಕಪ್ಪನ ಮನೆ ಬೆಂಗಳೂರಿನ ಬೆಳ್ಳಂದೂರು ಕಡೆ. 2015ರಲ್ಲಿ ಆ ಕೆರೆಯ ನೊರೆ ಗಾಳಿಗೆ ಎದ್ದು ರಸ್ತೆಗೆ ಹಾರಿ ಬಂದದ್ದನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದೇವೆ. ಊರಿನ ಕೊಳಚೆ ನೀರಿನ ಜೊತೆ ಮನೆ ಮನೆಯ ಬಚ್ಚಲ ನೀರೂ ಅಲ್ಲಿ ಸೇರಿತ್ತು. ನೀರನ್ನು ಮೆದು ಮಾಡಲು ಪುಡಿಗಳಿಗೆ ಬೆರೆಸುವ ಫಾಸ್ಫೇಟ್ ಕೆರೆಗಳಲ್ಲಿ ಪಾಚಿಗೆ ಗೊಬ್ಬರವಾಗುತ್ತದೆ. ಯುರೋಪಿನಲ್ಲಿ 2013ರ ಜೂನ್ ಕೊನೆಯಿಂದ ಮನೆಬಳಕೆಯ ಬಟ್ಟೆ ಪುಡಿಗಳಲ್ಲಿ ಅದಕ್ಕೆ ಬಿಗಿ ಮಿತಿ ಹಾಕಿದ್ದಾರೆ. ನಮ್ಮ ಕೈಯಲ್ಲಿರುವುದು ಒಂದು ಚಮಚ ಕಡಿಮೆ ಹಾಕುವುದು. ಅಷ್ಟನ್ನಾದರೂ ಮಾಡಬಹುದು.

ಮಾರನೆಯ ದಿನದಿಂದ ನಾಲ್ಕು ದಿನ ಬಟ್ಟೆ ನಾನೇ ಒಗೆದೆ, ಹಳೆಯ ಬಾರ್ ಸೋಪಿನಲ್ಲಿ. ಬಟ್ಟೆ ಒಗೆಯುವಾಕೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು, "ಅಲ್ಲಿ ಕಾಲರ್ ಉಜ್ಜಿಲ್ಲ ಸಾರ್" ಎಂದು ತಿದ್ದುತ್ತಿದ್ದಳು. ಸಂಬಳ ಹಿಡಿಯಲಿಲ್ಲ, ಹಿಡಿಯುವ ಮುಖವೂ ನನಗಿರಲಿಲ್ಲ. ಐದನೇ ದಿನ ಕೈ ವಾಸಿಯಾಗಿ ಆಕೆ ಕೆಲಸಕ್ಕೆ ಇಳಿದಳು.

ಉಳಿದ ಪುಡಿಯನ್ನು ಏನು ಮಾಡುವುದು? ಮೂರು ಪಾಲಿನಲ್ಲಿ ಎರಡು ಪಾಲು ನಾನು ಚರಂಡಿ ಪಾಲು ಮಾಡಿದ್ದೆ. ಮೂಲೆಯಲ್ಲಿ ಸುಮ್ಮನೆ ನಿಂತಿರುವ ನಮ್ಮ ಹಳೆಯ ಮೆಷಿನ್ನಿಗೆ ಹಾಕಿ ಮುಗಿಸೋಣವೆಂದು ಡಬ್ಬ ಹುಡುಕಿದರೆ ಬಚ್ಚಲಲ್ಲಿ ಇಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಳಕೋಣೆಗೆ ಹೋದೆ. ನಮ್ಮಾಕೆ ಮಂಚದ ಮೇಲೆ ಕುಳಿತು ಡಬ್ಬದ ಮುಚ್ಚಳ ತೆಗೆದು ಮೂಸುತ್ತಿದ್ದಳು. ನನ್ನನ್ನು ನೋಡಿ ಮುಚ್ಚಳ ಹಾಕಿದಳು.

"ಮಗು ಓಡಿ ಬಂದು ತೊಡೆ ಮೇಲೆ ಕೂತ್ಕೊಳ್ಳೋದಲ್ಲ, ಅವನ ಅಂಗಿ ಎಲ್ಲ ಇದೇ ವಾಸನೆ ರೀ. ಅದಕ್ಕೆ ತಂದೆ."

ಬೆಳ್ಳಗಿನ ಬಟ್ಟೆಗೆ ಅಲ್ಲವೇ ಅಲ್ಲ. ಎರಡು ತಿಂಗಳು ದಿನವೂ ರಾತ್ರಿ ಅವನು ಅವಳ ಪಕ್ಕದಲ್ಲೇ ಮಲಗುತ್ತಿದ್ದ. ವಾರಕ್ಕೊಮ್ಮೆ ವೀಡಿಯೊ ಕಾಲ್‌ನಲ್ಲಿ ಮುಖ ಕಾಣುತ್ತದೆ, ಮಾತು ಕೇಳುತ್ತದೆ. ವಾಸನೆಯನ್ನು ಯಾವ ಮೊಬೈಲೂ ತಂದುಕೊಡುವುದಿಲ್ಲ. ಅದನ್ನು ಅವಳು ಒಂದು ರಟ್ಟಿನ ಡಬ್ಬದಲ್ಲಿ ತಂದುಕೊಂಡಿದ್ದಳು. ನಾನು ಅದನ್ನು ಹಿಡಿ ಹಿಡಿಯಾಗಿ ನನ್ನ ಬನಿಯನ್ನಿಗೆ ಸುರಿದಿದ್ದೆ.

"ಮೊದಲೇ ಹೇಳಬಾರದಿತ್ತೇನೇ?" ಎಂದೆ. ಒಂದೇ ವಾರದಲ್ಲಿ ಇಬ್ಬರಿಗೆ ಇದೇ ಮಾತು ಹೇಳಿದ್ದೆ.

"ನೀವು ಕೇಳಿದ್ರಾ?" ಎಂದಳು.

ಪುಟ್ಟಿ ಬಂದಾಗ ಡಬ್ಬದ ಮೇಲಿನದನ್ನೆಲ್ಲ ಓದಿದೆವು. ಕೇಳಬೇಕಾದದ್ದು ಇನ್ನೊಂದಿತ್ತು. ಅದಕ್ಕೆ ಜರ್ಮನ್ ಕಲಿಯಬೇಕಾಗಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ಒಂದು ಏರ್ಪಾಡಾಗಿದೆ. ತಿಂಗಳಿಗೊಮ್ಮೆ ಒಂದು ದಿಂಬಿನ ಚೀಲವನ್ನು ಮೆಷಿನ್ನಿಗೆ ಹಾಕುವುದು. ಹೇಮಾವತಿ ನೀರು, ಪುಡಿ ಒಂದೇ ಚಮಚ, ಗೆರೆ ಎಳೆದು ಸಮ ಮಾಡಿದ ಚಮಚ. ಅಳೆಯುವ ಕೆಲಸ ನನ್ನದು, ಹಾಕಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದೂ ನನ್ನದೇ. ಮಗ ಸಂಸಾರ ಬರುವುದು ಡಿಸೆಂಬರಿಗೆ. ಈ ಲೆಕ್ಕದಲ್ಲಿ ಪುಡಿ ಅಲ್ಲಿಯವರೆಗೆ ಬಂದು ಮಿಗುತ್ತದೆ. ಒಗೆದ ಚೀಲವನ್ನು ತಾರಸಿಯ ಬಿಸಿಲಿಗೆ ಹಾಕುವಂತಿಲ್ಲ, ವಾಸನೆ ಹಾರಿಹೋಗುತ್ತದಂತೆ. ಒಳಕೋಣೆಯ ನೆರಳಲ್ಲೇ ಒಣಗಬೇಕು. ನೊರೆ ಬಂತೋ ಇಲ್ಲವೋ ಎಂದು ನಾವು ಯಾರೂ ಈಗ ನೋಡುವುದಿಲ್ಲ.